ಲಾರಿ ಬರಲಿ, ಪಾನಾ ಬರುವುದಿಲ್ಲ

ಕಳೆದ ತಿಂಗಳು ಬೆಳಂಬಾರದಲ್ಲಿ ಒಂದು ಜೀಪನ್ನು ಖಾಲಿ ಮಾಡುವ ಸಮಾರಂಭವಿತ್ತು. ಅದರ ಅಧ್ಯಕ್ಷತೆಗೆ ನನ್ನನ್ನು ಕರೆದಿದ್ದರು. ನಿವೃತ್ತನಾದ ಮೇಲೆ ನನಗೆ ಸಿಕ್ಕ ಮೊದಲ ಅಧ್ಯಕ್ಷಸ್ಥಾನ ಅದು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಂಕೋಲೆಯಿಂದ ರಿಕ್ಷಾ ಹಿಡಿದು, ಹೇಳಿದ ಹೊತ್ತಿಗೆ ಮೊದಲೇ ಹೋಗಿ ಅಂಗಳದ ಗೇರುಮರದ ಕೆಳಗೆ ಕುಳಿತೆ.

ಜೀಪೂ ಅದೇ ಮರದ ಕೆಳಗಿತ್ತು. ಅದರ ಯಜಮಾನರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ನಿಂತಲ್ಲೇ ನಿಂತು ಬಾಗಿಲಂಚಿಗೆ ತುಕ್ಕು ಹತ್ತಿತ್ತು. ಕೊಳ್ಳಲು ಇಬ್ಬರು ಮುಂದೆ ಬಂದಿದ್ದರು. ಒಬ್ಬ ಗುಜರಿಯವನು, ಅವನ ಕಣ್ಣಿಗೆ ಅದು ಕಬ್ಬಿಣ. ಇನ್ನೊಬ್ಬ ಕಾರವಾರದ ತರುಣ. ಅವನ ಕಣ್ಣಿಗೆ ಅದು ಜೀಪು. ರಿಪೇರಿ ಮಾಡಿ ಓಡಿಸುತ್ತೇನೆ ಎನ್ನುತ್ತಿದ್ದ. ಅವನದು ಒಂದೇ ಷರತ್ತು: ಒಳಗಿರುವ ಪೆಟ್ಟಿಗೆ, ಹಗ್ಗ, ಸಲಕರಣೆ, ಬಿಡಿಭಾಗ ಎಲ್ಲ ಇಳಿಸಿ ಕೊಡಬೇಕು. ಯಜಮಾನರ ಹೆಂಡತಿಯದೂ ಒಂದೇ ಷರತ್ತು: ಏನನ್ನೂ ಇಳಿಸುವುದಿಲ್ಲ. ಹೀಗೆ ಮಾತುಕತೆ ಬಹಳ ಸೌಹಾರ್ದದಿಂದ ನಿಂತುಹೋಗಿತ್ತು. ತರುಣ ಕೈಬಿಟ್ಟರೆ ಜೀಪು ಗುಜರಿಗೆ ಹೋಗುವುದೊಂದೇ ದಾರಿ. ಆದ್ದರಿಂದ ಆತ, "ಡಾಕ್ಟ್ರು ಹೇಳಿದ್ರೆ ಅಕ್ಕ ಕೇಳ್ತಾರೆ" ಎಂದು ಯಾರಿಂದಲೋ ತಿಳಿದು ನನ್ನನ್ನು ಹಿಡಿದಿದ್ದ.

ನಾನು ಡಾಕ್ಟರನಲ್ಲ. ದನಕ್ಕೆ ಸೂಜಿ ಹಾಕುವ ಕಚೇರಿಯಲ್ಲಿ ಡಾಕ್ಟರರ ಹಿಂದೆ ಮಂಜುಗಡ್ಡೆಯ ಪೆಟ್ಟಿಗೆ ಹಿಡಿದು ನಡೆಯುವ ನೌಕರನಾಗಿದ್ದೆ. ಡಾಕ್ಟರು ಬಾರದ ದಿನ ನಾನೇ ಸೂಜಿ ಹಾಕುತ್ತಿದ್ದೆ. ದನಗಳು ವ್ಯತ್ಯಾಸ ಎತ್ತಿ ಹೇಳದ ಕಾರಣ ಜನರೂ ಹೇಳಲಿಲ್ಲ. ನಾನಂತೂ ಹೇಳಲೇ ಇಲ್ಲ.

ಜೀಪಿನ ಯಜಮಾನರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಯಾವ ಕಾಗದದಲ್ಲಿ ತಮ್ಮ ಹೆಸರು ಕಂಡರೂ "ಯಾರು ಬರ್ದದ್ದು, ಎಂತಕ್ಕೆ ಬರ್ದದ್ದು" ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ತೀರಿಕೊಂಡಿದ್ದಾರೆ ಎಂಬ ಒಂದೇ ಕಾರಣಕ್ಕೆ ಆ ಜಗಳ ಬಿಟ್ಟಿರುತ್ತಾರೆ ಎಂದು ನನಗೆ ಅನಿಸುವುದಿಲ್ಲ. ನಾವೆಲ್ಲ ಅವರನ್ನು ತಾಂಡೇಲರು ಎನ್ನುತ್ತಿದ್ದೆವು. ನಮ್ಮ ಕರಾವಳಿಯಲ್ಲಿ ದೋಣಿ ನಡೆಸುವ ಮುಖ್ಯಸ್ಥನಿಗೆ ಹೇಳುವ ಮಾತು ಅದು. ಅವರ ತಂದೆ ನಿಜವಾದ ತಾಂಡೇಲ. ಚೆಂಡಿಯಾ ಕಡೆಯ ದಂಡೆಯಿಂದ ಸಮುದ್ರಕ್ಕೆ ಇಳಿಯುತ್ತಿದ್ದ ಮನೆತನ. ಆ ನೆಲ ನೌಕಾನೆಲೆಗೆ ಹೋಗಿ ಮನೆಗಳು ಬೇರೆಡೆಗೆ ಸರಿದಾಗ, ಮಗ ಹೆಂಡತಿಯ ಊರಾದ ಬೆಳಂಬಾರಕ್ಕೆ ಬಂದರು. ಬೆಳಂಬಾರದಲ್ಲೂ ಸಮುದ್ರವಿದೆ, ದೋಣಿಗಳಿವೆ, ಕರೆದವರೂ ಇದ್ದರು. ಇನ್ನೊಬ್ಬರ ದೋಣಿಗೆ ಕಾಲಿಡುವುದಿಲ್ಲ ಎಂದು ಇವರು ಬೆನ್ನು ತಿರುಗಿಸಿ ಕುಳಿತರು. ಆಮೇಲೆ ಎಲ್ಲಿಂದಲೋ ಈ ಹಳೆಯ ಜೀಪನ್ನು ತಂದರು. ನಾಲ್ಕೂ ಗಾಲಿಗೆ ಎಳೆತವಿದ್ದ ಜೀಪು. ಅವರ ಪ್ರಕಾರ ಭೂಮಿಯ ಮೇಲೆ ದೋಣಿಗೆ ಹತ್ತಿರದ ಸಂಬಂಧಿ ಅದೊಂದೇ.

"ಬಸ್ಸು ರಸ್ತೆ ಎಲ್ಲದೆ ಅಂತ ಕೇಳ್ತದೆ ಡಾಕ್ಟ್ರೆ. ಇದು ಕೇಳೂದಿಲ್ಲ."

ಅಂಕೋಲೆ ತಾಲೂಕಿನ ಗುಡ್ಡದ ಮೇಲೆ, ಹಳ್ಳ ದಾಟಿ, ಕೆಸರು ಹತ್ತಿ ಹೋಗಬೇಕಾದ ಊರುಗಳಿದ್ದವು. ಅಲ್ಲಿನ ದನಗಳಿಗೂ ಕಾಲುಬಾಯಿ ಜ್ವರ ಬರುತ್ತಿತ್ತು. ನಮ್ಮ ಕಚೇರಿ ಜೀಪನ್ನು ಬಾಡಿಗೆಗೆ ಹಿಡಿಯಿತು. ಮೊದಲ ದಿನ ಹಿಂದಿನಿಂದ ಹತ್ತಲು ಹೋದ ನಾನು ಕಾಲಿಡಲು ಜಾಗ ಕಾಣದೆ ಹಾಗೆಯೇ ನಿಂತೆ. ನೆಲದ ಮಧ್ಯದಲ್ಲಿ ಜಾಕು, ಎಕ್ಸೆಲ್ಲು, ಸ್ಪ್ರಿಂಗಿನ ಪಟ್ಟಿಗಳು ಗೋಣಿಯಲ್ಲಿ ಸುತ್ತಿಸಿಕೊಂಡು ಮಲಗಿದ್ದವು. ಅವುಗಳ ಇಕ್ಕೆಲದಲ್ಲಿ ಮರದ ಪೆಟ್ಟಿಗೆಗಳು. ಸೀಟಿನ ಅಡಿಯಲ್ಲಿ ಹೋಸು, ಬೆಲ್ಟು, ಟ್ಯೂಬು. ತಗಡಿನ ಬದಿಗೆ ಗುದ್ದಲಿ, ಕತ್ತಿ, ಹಾರೆ. ಎಲ್ಲದರ ಮೇಲೂ ಬಲೆಯ ಹಗ್ಗ ಹಾದುಹೋಗಿ, ಕೊನೆಗೆ ಡ್ರೈವರ್ ಸೀಟಿನ ಹಿಂದೆ ಒಂದೇ ಒಂದು ಗಂಟಿಗೆ ಬಂದು ಸೇರಿತ್ತು.

"ನಾನು ಎಲ್ಲಿ ಕೂತ್ಕೊಳ್ಳಲಿ?" ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಭಾರ ಅಂದಾಜು ಮಾಡುತ್ತಿದ್ದರು ಎಂದು ಆಮೇಲೆ ತಿಳಿಯಿತು. "ಎಡಕ್ಕೆ. ಬಲಕ್ಕೆ ನಾ ಇದ್ದೆ ಅಲ್ದಾ? ಮತ್ತೆ ಆಚೀಚೆ ಅಲ್ಲಾಡೂಕಿಲ್ಲ."

ದೋಣಿಯಲ್ಲಿ ಭಾರದ್ದು ಹೊಟ್ಟೆಗೆ ಹೋಗುತ್ತದೆ, ಮೊದಲು ಬೇಕಾಗುವುದು ಕೊನೆಗೆ ಹತ್ತುತ್ತದೆ, ಕಟ್ಟದ ವಸ್ತು ದೋಣಿಯದಲ್ಲ, ಸಮುದ್ರದ್ದು. ಈ ಶಾಸ್ತ್ರವನ್ನು ಅವರು ಜೀಪಿಗೆ ಒಂದಕ್ಷರ ಬಿಡದೆ ಅನ್ವಯಿಸಿದ್ದರು. ಅದರ ಪರಮಾವಧಿ ಎಂದರೆ ಬಾಲ. ಅವರ ಪ್ರತಿಯೊಂದು ಪಾನಾಕ್ಕೂ, ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರಿಗೂ, ಒಂದು ಬಾಲವಿತ್ತು. ಬಲೆಯ ದಾರದ ಒಂದು ತುದಿ ಪಾನಾಕ್ಕೆ, ಇನ್ನೊಂದು ತುದಿ ಜೀಪಿಗೆ. ದೋಣಿಯಲ್ಲಿ ಕೈ ಜಾರಿದ ಪಾನಾ ನೀರಿಗೆ ಹೋಗುತ್ತದೆ, ಅದಕ್ಕೆ ಬಾಲ ಬೇಕು, ಒಪ್ಪೋಣ. ಜೀಪಿನಲ್ಲಿ ಕೈ ಜಾರಿದರೆ ಬೀಳುವುದು ನೆಲಕ್ಕೆ, ಬಗ್ಗಿ ಎತ್ತಿಕೊಂಡರಾಯಿತು. ಈ ವಾದವನ್ನು ನಾನೊಮ್ಮೆ ಮುಂದಿಟ್ಟೆ.

"ನೆಲ ಇರ್ತದೆ ಅಂತ ನಿಮ್ಗೆ ಯಾರು ಹೇಳಿದ್ದು?" ಎಂದರು.

ಆಗ ನನಗೆ ಅದು ಬರೀ ಉಡಾಫೆಯ ಮಾತಾಗಿ ಕೇಳಿತು.

ದಾರ ಇಂಜಿನಿನವರೆಗೆ ಮುಟ್ಟುತ್ತಿತ್ತು, ನಾಲ್ಕು ಗಾಲಿಗೂ ಮುಟ್ಟುತ್ತಿತ್ತು, ಅದರಾಚೆಗೆ ಮುಟ್ಟುತ್ತಿರಲಿಲ್ಲ. ರಿಪೇರಿ ಶುರುವಾದರೆ ತಾಂಡೇಲರು ಸ್ವಲ್ಪ ಹೊತ್ತಿನಲ್ಲಿ ತಾವೇ ಬಲೆಗೆ ಬಿದ್ದ ದೊಡ್ಡ ಮೀನಿನಂತೆ ಕಾಣುತ್ತಿದ್ದರು. ಕೈಗೊಂದು ದಾರ, ಕುತ್ತಿಗೆಗೊಂದು, ಕಾಲ ಬೆರಳಿನಲ್ಲಿ ಒಂದು. ನೋಡಿದವರು ನಗುತ್ತಿದ್ದರು. ಅವರು ತಲೆ ಎತ್ತುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಒಂದೊಂದೇ ದಾರ ಎಳೆದು, ಪಾನಾಗಳನ್ನು ಮೀನು ಎಳೆದಂತೆ ಒಳಗೆ ಎಳೆದುಕೊಳ್ಳುತ್ತಿದ್ದರು. ಅಷ್ಟು ವರ್ಷದಲ್ಲಿ ಒಂದು ಪಾನಾ ಕಳೆದದ್ದನ್ನು ನಾನು ಕಾಣೆ.

ಬಾಲದ ಮಹಿಮೆ ಇಡೀ ಹೆದ್ದಾರಿಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಅಂಕೋಲೆಯ ಹತ್ತಿರ ಹೆದ್ದಾರಿ ಬದಿಯಲ್ಲಿ ಜೀಪು ನಿಲ್ಲಿಸಿ ಚಾ ಕುಡಿಯುತ್ತಿದ್ದೆವು. ಸ್ವಲ್ಪ ಮುಂದೆ ಹುಬ್ಬಳ್ಳಿ ಕಡೆಯ ಲಾರಿಯೊಂದು ನಿಂತಿತು. ಹಿಂದಿನ ಮಡ್‌ಗಾರ್ಡು ಸಡಿಲವಾಗಿ ಗಾಲಿಗೆ ಉಜ್ಜುತ್ತಿತ್ತು. ಡ್ರೈವರು ಇಳಿದು ಬಂದು, ತೆರೆದಿದ್ದ ಪೆಟ್ಟಿಗೆ ನೋಡಿ ಕಣ್ಣರಳಿಸಿದ.

"ಅಣ್ಣಾರ, ಆ ದೊಡ್ಡ ಪಾನಾ ಒಂಚೂರ ಕೊಡ್ರಿ. ಹಿಂಗ ಬಿಗದು ಹಂಗ ತಂದ್ ಕೊಡ್ತೀನಿ."

"ಪಾನಾ ಬರೂದಿಲ್ಲ" ಎಂದರು ತಾಂಡೇಲರು, ಚಾ ಊದುತ್ತ. "ಬೇಕಾದ್ರೆ ಲಾರಿ ಬರ್ಲಿ."

ಡ್ರೈವರು ನನ್ನ ಮುಖ ನೋಡಿದ. ನಾನು ಸಮುದ್ರದ ದಿಕ್ಕಿಗೆ ನೋಡಿದೆ.

"ಏನ್ ಹಚ್ಚೀರಿ ಅಣ್ಣಾರ? ಅಷ್ಟ ದೊಡ್ಡ ಲಾರಿ ಹೆಂಗ ಬರ್ತೈತ್ರಿ?"

"ಲಾರಿಗೆ ಗಾಲಿ ಅದೆ. ಪಾನಾಕ್ಕೆ ಗಾಲಿ ಅದ್ಯಾ?"

ಹಗ್ಗ ಬಿಚ್ಚಿಕೊಡಿ ಎಂದ, ನಾನು ಓಡಿಹೋಗುವ ಕಳ್ಳನಲ್ಲ ಎಂದ, ತನ್ನ ವಾಚನ್ನು ಅಡವಿಡುತ್ತೇನೆ ಎಂದ. ತಾಂಡೇಲರು ಅವನಿಗೂ ಒಂದು ಚಾ ಹೇಳಿದರು, ದಾರ ಬಿಚ್ಚಲಿಲ್ಲ. ಕೊನೆಗೆ ಆ ಲಾರಿ, ಹಾರ್ನು ಹಾಕುವ ಹತ್ತಾರು ವಾಹನಗಳ ನಡುವೆ, ಕಿವಿಗಡಚಿಕ್ಕುವ ಸದ್ದು ಮಾಡುತ್ತ ಹಿಂದೆ ಹಿಂದೆ ಸರಿದು ಬಂದು ಜೀಪಿನ ಪಕ್ಕ ನಿಂತಿತು. ತಾಂಡೇಲರು ತಾವೇ ಲಾರಿಯಡಿ ನುಗ್ಗಿ ಬೋಲ್ಟು ಬಿಗಿದು, ಸಡಿಲವಿದ್ದ ಇನ್ನೊಂದು ಬದಿಯದನ್ನೂ ನೋಡಿ, ತಮ್ಮ ಪೆಟ್ಟಿಗೆಯಿಂದ ಹೊಸ ವಾಷರು ಹಾಕಿಕೊಟ್ಟರು. ಜೀಪನ್ನೇ ನಾಲ್ಕು ಮಾರು ಮುಂದೆ ಒಯ್ಯಬಹುದಿತ್ತಲ್ಲ ಎಂದು ನಾನು ಆಮೇಲೆ ಕೇಳಿದೆ. "ಬೇಕಾದ್ದು ಯಾರ್ಗೆ?" ಎಂದರು. ಸಹಾಯ ಮಾಡುವಾಗಲೂ ಮಣಿಯದೆ ಮಾಡುವುದು ಅವರ ಕ್ರಮ.

ಇನ್ನು ವಾಸನೆಯ ವಿಷಯ. ಇದನ್ನು ಬಿಟ್ಟು ತಾಂಡೇಲರನ್ನು ಚಿತ್ರಿಸುವುದು ಸತ್ಯಕ್ಕೆ ಅಪಚಾರ. ಮರದ ದೋಣಿ ಬಾಳಲಿ ಎಂದು ನಮ್ಮ ಕಡೆ ಅದಕ್ಕೆ ತಾರ್ಲೆಯ ಎಣ್ಣೆ ಬಳಿಯುವುದುಂಟು. ತಾರ್ಲೆ ಎಂದರೆ ಮಂಗಳೂರಿನವರು ಬೂತಾಯಿ ಎನ್ನುವ ಮೀನು. ಅಪ್ಪ ದೋಣಿಗೆ ಬಳಿದದ್ದನ್ನು ಮಗ ಜೀಪಿನ ಬಿಡಿಭಾಗಗಳಿಗೆ ಬಳಿದರು. ಬೇರಿಂಗಿಗೆ ಬಳಿದರು, ಬೋಲ್ಟಿಗೆ ಬಳಿದರು, ಎಕ್ಸೆಲ್ಲಿಗೆ ಬಳಿದು ಹಳೆಯ ಲುಂಗಿಯಲ್ಲಿ ಸುತ್ತಿದರು. ಕರಾವಳಿಯ ಮಳೆಗೆ ಎಲ್ಲರ ಕಬ್ಬಿಣ ಕೆಂಪಾದರೂ ಇವರದು ಆಗಲಿಲ್ಲ, ನಿಜ. ಆದರೆ ಜೀಪು ಅಂಕೋಲೆ ಪೇಟೆಯಲ್ಲಿ ನಿಂತರೆ ಊರಿನ ಬೆಕ್ಕುಗಳೆಲ್ಲ ಬಂದು ಅದರಡಿ ಸಭೆ ಸೇರುತ್ತಿದ್ದವು. ನಮ್ಮ ಡಾಕ್ಟರು ಒಮ್ಮೆ ಆ ಜೀಪಿನಲ್ಲಿ ಬಂದವರು, ಮುಂದಿನ ಸಲ ತಮಗೆ ಸೊಂಟನೋವು ಎಂದರು. ಗುಡ್ಡದ ದನಗಳು ಮಾತ್ರ ಆ ವಾಸನೆ ಬಂದ ತಕ್ಷಣ ಸೂಜಿ ಬಂತು ಎಂದು ತಿಳಿದು ಕಾಡು ಹತ್ತುತ್ತಿದ್ದವು. ಇಲಾಖೆಯ ಸಾಧನೆ ಒಂದು ವರ್ಷ ಕುಸಿದದ್ದಕ್ಕೆ ಇದೂ ಒಂದು ಕಾರಣ. ವರದಿಯಲ್ಲಿ ನಾವು ಮಳೆ ಎಂದು ಬರೆದೆವು.

ತಾಂಡೇಲರು ಭಕ್ತಿಯ ಭರದಲ್ಲಿ ರಬ್ಬರಿಗೂ ಎಣ್ಣೆ ಬಳಿದಿದ್ದರು. ಒಂದು ದಿನ ಗುಡ್ಡದ ಅರ್ಧದಲ್ಲಿ ಫ್ಯಾನ್ ಬೆಲ್ಟು ಟಪ್ಪೆಂದು ಹರಿಯಿತು. ಅವರು ಸಂಭ್ರಮದಿಂದಲೇ ಇಳಿದರು. ಇಂಥ ದಿನಕ್ಕಾಗಿಯೇ ಅಲ್ಲವೇ ಅಷ್ಟು ಹೊತ್ತದ್ದು! ಸೀಟಿನಡಿಯಿಂದ ಹೊಸ ಬೆಲ್ಟು ತೆಗೆದರು. ಅದು ಆಗ ತಾನೆ ನೀರಿನಿಂದ ಬಂದ ಹಾವುಮೀನಿನ ಹಾಗೆ ಹೊಳೆಯುತ್ತಿತ್ತು. ಎಣ್ಣೆ ಕುಡಿದು ಉಬ್ಬಿತ್ತು ಕೂಡ. ಹಾಕಿದರೆ ಕೂರಲಿಲ್ಲ, ಕೂರಿಸಿದರೆ ತಿರುಗಲಿಲ್ಲ, ಜಾರಿತು. ನನ್ನ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಕರಗುತ್ತಿತ್ತು.

ತಾಂಡೇಲರು ಬೆಲ್ಟನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಮರ ಕುಡೀತದೆ. ಕಬ್ಬಿಣ ತಡೀತದೆ. ಇದು ಉಬ್ಬೂದು ನಂಗೆ ಗೊತ್ತಿರ್ಲಿಲ್ಲ."

ಅಷ್ಟೇ. ಆಮೇಲೆ ಬಲೆ ಹೆಣೆಯುವ ಸೂಜಿ ತೆಗೆದರು, ನೈಲಾನು ಹಗ್ಗದ ಎಳೆ ಬಿಡಿಸಿ, ತುದಿಗೆ ತುದಿ ಹೆಣೆದು, ಗಂಟೇ ಇಲ್ಲದ ಒಂದು ಬಳೆ ಮಾಡಿ ಬೆಲ್ಟಿನ ಜಾಗಕ್ಕೆ ಹಾಕಿದರು. ಅದರ ಮೇಲೆ ನಿಧಾನ ಗುಡ್ಡ ಹತ್ತಿ, ಸೂಜಿ ಹಾಕಿ, ಇಳಿದು ಬಂದೆವು. ಉಬ್ಬಿದ ಬೆಲ್ಟನ್ನು ಕಣಿವೆಗೆ ಎಸೆಯುತ್ತಾರೆ ಎಂದುಕೊಂಡಿದ್ದೆ. ಅವರು ಅದನ್ನು ತಮ್ಮೆದುರಿನ ಕನ್ನಡಿಗೆ ನೇತುಹಾಕಿದರು. ಬೇರೆಯವರ ಗಾಡಿಯಲ್ಲಿ ದೇವರ ಫೋಟೋ ಇರುವ ಜಾಗ ಅದು.

"ನನ್ನ ತಪ್ಪು ನನ್ನ ಕಣ್ಣೆದ್ರು ಇರ್ಲಿ. ಮತ್ತೊಬ್ಬ ತೋರ್ಸೂದು ಬೇಡ."

ಊರಿನವರೆಲ್ಲ ತಮ್ಮ ಗಾಡಿಗೆ ದಸರೆಯಲ್ಲಿ ಪೂಜೆ ಮಾಡಿದರೆ ಇವರು ನೂಲಹುಣ್ಣಿಮೆಯಂದು ಮಾಡುತ್ತಿದ್ದರು. ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ದಿನ ಅದು. ಜೀಪನ್ನು ಬೆಳಂಬಾರದ ದಂಡೆಗೆ ಒಯ್ದು, ಮುಂದಿನ ಗಾಲಿ ನೊರೆಗೆ ತಾಗುವಂತೆ ನಿಲ್ಲಿಸಿ, ಬಾನೆಟ್ಟಿಗೆ ಹೂವಿಟ್ಟು ಕಾಯಿ ಬಿಡುತ್ತಿದ್ದರು. ಒಂದು ವರ್ಷ ಭರತದ ನೀರು ಏರಿ, ಮರಳು ಕುಸಿದು, ಜೀಪು ಹೊಟ್ಟೆಯವರೆಗೆ ಹೂತಿತು. ಸಾಮಾನು ಇಳಿಸಿದರೆ ಹಗುರಾಗಿ ಬರುತ್ತದೆ ಎಂದು ದಂಡೆಯಲ್ಲಿದ್ದವರೆಲ್ಲ ಬೊಬ್ಬೆ ಹೊಡೆದರು. ಇವರು ಸ್ಟೇರಿಂಗು ಬಿಟ್ಟು ಇಳಿಯಲಿಲ್ಲ. ಕಡೆಗೆ ಜನ ಹಗ್ಗ ಕಟ್ಟಿ ರಂಪಣಿ ಬಲೆ ಎಳೆಯುವ ಹಾಗೆ ಎರಡು ಸಾಲಾಗಿ ನಿಂತು, ಎಕ್ಸೆಲ್ಲು, ಜಾಕು, ತಾಂಡೇಲರು ಸಮೇತ ಎಳೆದು ಮೇಲೆ ಹಾಕಿದರು.

"ಇಷ್ಟ್ ಜನ ಸೇರಿ ಎಳೆದು ಸಿಕ್ಕಿದ್ದು ಒಂದೇ ಮೀನು, ಅದೂ ತಿನ್ನೂಕೆ ಬರದ್ದು" ಎಂದರು ಅವರ ಹೆಂಡತಿ, ಸೆರಗು ಹಿಂಡುತ್ತ. ಅಂಕೋಲೆ ಪೇಟೆಯಲ್ಲಿ ಮೀನು ಮಾರಿ ಬೆಳೆಸಿದ ದನಿ. ದಂಡೆಯ ಆಚೆ ತುದಿಗೂ ಕೇಳಿತು.

ಇಂಥವರಿಗೆ ಇಲಾಖೆಯೊಂದಿಗೆ ಘರ್ಷಣೆ ಬರುವುದು ತಡವಾದದ್ದೇ ಆಶ್ಚರ್ಯ. ಹೊಸದಾಗಿ ಬಂದ ಸಾಹೇಬರು ಕೆಟ್ಟವರಲ್ಲ. ಶುಚಿತ್ವಪ್ರಿಯರು. ಗುಡ್ಡಕ್ಕೆ ಹೊರಡಲು ಸಾಮಾನೆಲ್ಲ ಹತ್ತಿಸಿಯಾದ ಮೇಲೆ ಮೊದಲ ಸಲ ಜೀಪಿನ ಒಳಗೆ ಇಣುಕಿ, ಮೂಗಿಗೆ ಕರವಸ್ತ್ರ ಹಿಡಿದು ಹೊರಬಂದರು. "ಇದು ವಾಹನವೋ, ಗುಜರಿಯೋ? ಇಲಾಖೆಯ ಸಾಮಾನು ಬಿಟ್ಟು ಬೇರೇನೂ ಇರಕೂಡದು. ಈಗಲೇ ಇಳಿಸಿ. ಇಲ್ಲದಿದ್ದರೆ ಬೇರೆ ಗಾಡಿ ನೋಡುತ್ತೇವೆ."

ಕಚೇರಿಯವರೆಲ್ಲ ಜಗಲಿಗೆ ಬಂದು ನಿಂತೆವು. ತಾಂಡೇಲರು ಮೆಲ್ಲನೆ ಕೇಳಿದರು: "ಇಲಾಖೆದಲ್ಲದ್ದು ಎಲ್ಲಾ ಇಳಿಸ್ಬೇಕಾ ಸಾಯ್ಬ್ರೆ?"

"ಎಲ್ಲಾ."

"ಹಾಗಾದ್ರೆ ನಾನೂ ಇಳೀಬೇಕಾಯ್ತು. ನಾನೂ ಇಲಾಖೆ ಸಾಮಾನಲ್ಲ."

ಸಾಹೇಬರು ಗಡಿಯಾರ ನೋಡಿದರು. ತಾಂಡೇಲರು ಜೀಪಿಗೆ ಹತ್ತಿ ಸೀಟಿನ ಹಿಂದಿನ ಗಂಟಿಗೆ ಕೈ ಹಾಕಿದರು. ಒಂದೇ ಎಳೆತಕ್ಕೆ ಎಲ್ಲ ಹಗ್ಗ ಸಡಿಲಾಯಿತು. ಸೋತರು ಎಂದುಕೊಂಡೆವು. ಅವರು ಮಂಜುಗಡ್ಡೆಯ ಪೆಟ್ಟಿಗೆ ಇಳಿಸಿದರು. ಔಷಧದ ಚೀಲ ಇಳಿಸಿದರು. ದನಕ್ಕೆ ಹಾಕುವ ಮೂಗುದಾರದ ಕಟ್ಟು, ನನ್ನ ಕೊಡೆ, ಸಾಹೇಬರ ಊಟದ ಡಬ್ಬಿ, ಸಾಹೇಬರ ಕೂರುವ ದಿಂಬು. ಎಲ್ಲವನ್ನೂ ಜಗಲಿಯ ಮೇಲೆ ಭಾರದ್ದು ನಡುವೆ ಬರುವಂತೆ ಜೋಡಿಸಿದರು. ತಮ್ಮದೇ ಹಗ್ಗದ ತುಂಡು ತಂದು, ಇಡೀ ಇಲಾಖೆಯನ್ನು ಒಂದು ಗಂಟಿನಲ್ಲಿ ಬಿಗಿದು ಕಟ್ಟಿದರು. ಮತ್ತೆ ಜೀಪಿಗೆ ಹೋಗಿ ತಮ್ಮ ಸಾಮಾನಿನ ಹಗ್ಗ ಬಿಗಿದುಕೊಂಡು, "ನಿಮ್ದು ಇಳಿಸಿದ್ದೆ" ಎಂದು ಹೇಳಿ ಹೊರಟೇಹೋದರು.

ಆ ಗಂಟನ್ನು ಬಿಚ್ಚಲು ನಮ್ಮಲ್ಲಿ ಯಾರಿಗೂ ಬರಲಿಲ್ಲ. ಸಾಹೇಬರ ಊಟದ ಹೊತ್ತು ಮೀರುತ್ತಿತ್ತು. ಕತ್ತರಿ ತಂದು ಕೊಯ್ದೆವು.

ಇದು ಕಥೆಯಾಗಿದ್ದರೆ ಮುಂದಿನದು ಎಲ್ಲರಿಗೂ ಗೊತ್ತಿರುವುದೇ: ಸಾಹೇಬರ ಹೊಸ ಗಾಡಿ ಗುಡ್ಡದ ನಡುವೆ ಕೆಟ್ಟು ನಿಲ್ಲಬೇಕು, ದೂರದಲ್ಲಿ ಜೀಪಿನ ಸದ್ದು ಕೇಳಬೇಕು, ಸಾಹೇಬರು ಪಶ್ಚಾತ್ತಾಪದಿಂದ ತಲೆ ತಗ್ಗಿಸಬೇಕು. ಹಾಗೇನೂ ಆಗಲಿಲ್ಲ. ಹೊಸ ಬಿಳಿ ಗಾಡಿ ಒಳಗೆ ಒಂದು ಸ್ಕ್ರೂಡ್ರೈವರೂ ಇಲ್ಲದೆ ಮದುಮಗನಂತೆ ಗುಡ್ಡ ಹತ್ತಿತು, ಮದುಮಗನಂತೆ ಇಳಿಯಿತು. ಮತ್ತೂ ಹತ್ತಿತು, ಮತ್ತೂ ಇಳಿಯಿತು. ಸಂಕಟವಾದದ್ದು ನನಗೆ. ಒಂದು ಸಂಜೆ ಬೆಳಂಬಾರಕ್ಕೆ ಹೋಗಿ, ಸಾವಿನ ಸುದ್ದಿ ಮುಟ್ಟಿಸುವ ದನಿಯಲ್ಲಿ ಇದನ್ನು ತಿಳಿಸಿದೆ.

"ಒಳ್ಳೇದಾಯ್ತಲ್ಲ" ಎಂದರು ತಾಂಡೇಲರು. "ಕೆಡ್ಲಿ ಅಂತ ನಾ ಯಾವಾಗ ಹೇಳಿದ್ದೆ?"

"ಹಾಗಾದರೆ ಇಷ್ಟೆಲ್ಲ ಹೊತ್ತು ತಿರುಗುವುದು ಯಾಕೆ ಮಾರಾಯ್ರೆ? ಅರ್ಧ ಇಳಿಸಿದ್ದರೆ ಕೆಲಸ ಉಳೀತಿತ್ತು."

ಬಾಗಿಲಲ್ಲಿ ಮೀನು ಹಸನು ಮಾಡುತ್ತಿದ್ದ ಅವರ ಹೆಂಡತಿ ಉತ್ತರ ಕೊಟ್ಟರು. ಚೆಂಡಿಯಾ ಕಡೆಯ ಮನೆ ಬಿಡುವ ದಿನ ಸಾಮಾನು ಸಾಗಿಸಲು ಒಂದು ಲಾರಿ ಗೊತ್ತು ಮಾಡಿದ್ದರಂತೆ. ಪಾತ್ರೆ, ಹಾಸಿಗೆ, ಬಾಗಿಲು, ಹಂಚು ಎಲ್ಲ ಹತ್ತಿತು. ಕೊನೆಗೆ ಅಪ್ಪನ ದೋಣಿಯ ಪೆಟ್ಟಿಗೆ ಹತ್ತಿತು: ಉಳಿ, ಕೊಡತಿ, ಬಲೆಯ ಸೂಜಿ, ದೋಣಿಯ ಸಂದಿಗೆ ತುರುಕುವ ನಾರು. ಲಾರಿಯವನು ಭಾರ ಹೆಚ್ಚಾಯಿತು, ಯಾವುದಾದರೂ ಒಂದು ಇಳಿಸಿ ಎಂದ. ದೋಣಿಯೇ ಇಲ್ಲದ ಮೇಲೆ ಪೆಟ್ಟಿಗೆ ಯಾಕೆ ಎಂದು ಯಾರೋ ಅಂದರು. ಇವರು ತಮ್ಮ ಕೈಯಾರೆ ಅದನ್ನು ಇಳಿಸಿ ಮರಳಿನ ಮೇಲೆ ಇಟ್ಟರು, ನಾಳೆ ಬಂದು ಒಯ್ಯುತ್ತೇನೆ ಎಂದು. ಮರುದಿನ ಹೋದಾಗ ಪೆಟ್ಟಿಗೆ ಇರಲಿಲ್ಲ. ಯಾರೋ ಹೊತ್ತೊಯ್ದಿದ್ದರು. ಅಲ್ಲಿ ಮರಳ ಮೇಲೆ ಅದರ ಅಡಿಯ ಗುರುತು ಮಾತ್ರ ಚೌಕಾಕಾರಕ್ಕೆ ಉಳಿದಿತ್ತಂತೆ.

"ಕಟ್ಟದೇ ಬಿಟ್ಟಿದ್ದೆ" ಎಂದರು ತಾಂಡೇಲರು. "ಒಂದ್ಸಲ ಇಳಿಸಿ ಅಂದ್ರು, ಇಳಿಸ್ದೆ. ಇನ್ನು ಮೇಲೆ ಇಂದ್ರ ಬಂದು ಹೇಳಿದ್ರೂ ಇಳ್ಸೂದಿಲ್ಲ."

ನೆಲ ಇರುತ್ತದೆ ಎಂದು ಯಾರು ಹೇಳಿದ್ದು ಎಂಬ ಮಾತು ನನಗೆ ಆಗ ನೆನಪಾಯಿತು. ಚಾ ಆರಿತ್ತು. ಕುಡಿದು ಬಂದೆ.

ಕಚೇರಿಯ ಬಾಡಿಗೆ ಹೋದರೂ ಗುಡ್ಡದ ಊರುಗಳು ಅವರನ್ನು ಬಿಡಲಿಲ್ಲ. ಮದುವೆಗೆ, ಹೆರಿಗೆಗೆ, ಅಕ್ಕಿಮೂಟೆಗೆ ಜೀಪು ಹತ್ತಿತು, ಇಳಿಯಿತು. ಎಲ್ಲಿಗೆ ಹೋಗುವುದಿದ್ದರೂ ಅವರು ನಮ್ಮ ಕಚೇರಿಯ ಮುಂದಿನಿಂದಲೇ ಹೋಗುತ್ತಿದ್ದರು. ದಾರಿ ಸುತ್ತಾದರೂ ಚಿಂತೆಯಿಲ್ಲ. ಗೇಟಿನೆದುರು ಬಂದಾಗ ವೇಗ ತಗ್ಗಿಸಿ, ಅಷ್ಟೂ ಕಬ್ಬಿಣದೊಂದಿಗೆ, ಒಂದು ಉದ್ದನೆಯ ಹಾರ್ನು ಹಾಕಿ ಮುಂದೆ ಸಾಗುವರು. ಸಾಹೇಬರು ಬದಲಾಗಿ ಬೇರೆಯವರು ಬಂದರು, ಅವರೂ ಬದಲಾದರು, ಹಾರ್ನು ನಿಲ್ಲಲಿಲ್ಲ. ಹಿನ್ನೆಲೆ ತಿಳಿಯದ ಸಾಹೇಬರೊಬ್ಬರು ಅದನ್ನು ಸೆಲ್ಯೂಟ್ ಎಂದು ಭಾವಿಸಿ ಕಿಟಕಿಯಿಂದ ಕೈ ಬೀಸುತ್ತಿದ್ದರು.

ಕೊನೆಗಾಲದಲ್ಲಿ ಉಬ್ಬಸ ಹೆಚ್ಚಾಗಿ ಭಾರ ಎತ್ತಕೂಡದು ಎಂದು ವೈದ್ಯರು ಹೇಳಿದ್ದರು. "ಎತ್ತೂದಿಲ್ಲ. ಇಳ್ಸೂದೂ ಇಲ್ಲ" ಎಂದಿದ್ದರಂತೆ. ಮಳೆ ಹಿಡಿಯುವ ಮೊದಲು, ಒಂದು ಬೆಳಿಗ್ಗೆ, ಗೇರುಮರದ ಕೆಳಗೆ ಡ್ರೈವರ್ ಸೀಟಿನಲ್ಲಿ ಕುಳಿತಲ್ಲೇ ಹೋದರು. ಕೈಯಲ್ಲಿ ದಾರದ ತುಂಡು ಇತ್ತು. ಯಾವುದೋ ಪಾನಾಕ್ಕೆ ಹೊಸ ಬಾಲ ಕಟ್ಟುವುದಿತ್ತೇನೋ.

ಈಗ ಮತ್ತೆ ಸಮಾರಂಭಕ್ಕೆ.

ಕಾರವಾರದ ತರುಣ ಸರಿಯಾದ ಹೊತ್ತಿಗೆ ಬಂದ. ಸಭ್ಯ. ಬ್ಯಾಂಕಿನ ನೌಕರಿ. ರವಿವಾರ ಗೆಳೆಯರೊಂದಿಗೆ ಜೀಪು ಒಯ್ದು ಕಾಡಿನ ಕೆಸರಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಅವನ ಹವ್ಯಾಸ. ನಾವು ಸಂಬಳ ತೆಗೆದುಕೊಂಡು ಸಿಕ್ಕಿಹಾಕಿಕೊಳ್ಳುತ್ತಿದ್ದ ಕೆಸರಿನಲ್ಲಿ ಈತ ಸ್ವಂತ ಖರ್ಚಿನಿಂದ ಸಿಕ್ಕಿಹಾಕಿಕೊಳ್ಳುತ್ತಿದ್ದ. ಬರುವಾಗ ತನ್ನ ಸಲಕರಣೆಯ ಡಬ್ಬಿಯನ್ನೂ ತಂದಿದ್ದ. ಗಟ್ಟಿ ಪ್ಲಾಸ್ಟಿಕ್ಕಿನದು. ತೆರೆದರೆ ಒಳಗೆ ಮೆತ್ತನೆಯ ಸ್ಪಂಜು, ಅದರಲ್ಲಿ ಪ್ರತಿ ಪಾನಾಕ್ಕೂ ಅದರದೇ ಆಕಾರದ ಗುಳಿ.

"ನೋಡಿ ಅಕ್ಕಾ, ಯಾವ್ದು ಎಲ್ಲದೆ ಅಂತ ನೋಡಿದ ಕೂಡ್ಲೆ ಕಾಣ್ತದೆ. ಅಷ್ಟು ಕಬ್ಬಿಣ ಎಲ್ಲ ಬೇಡ. ಭಾರ ಆದ್ರೆ ಕೆಸರಲ್ಲಿ ಹೂತ್ಹೋಗ್ತದೆ."

"ಹೂತದ್ದು ಅದೆ" ಎಂದರು ಅಕ್ಕ. "ಎಳ್ದದ್ದೂ ಅದೆ. ನೀ ಆಗ ಹುಟ್ಟಿದ್ಯೋ ಇಲ್ವೋ."

ತರುಣ ನನ್ನ ಕಡೆ ನೋಡಿದ. ಅಧ್ಯಕ್ಷರು ಮಾತಾಡಬೇಕಾದ ಘಳಿಗೆ. ನಾನು ಗಂಟಲು ಸರಿಮಾಡಿಕೊಂಡು, ಗುಜರಿಗೆ ಹೋಗುವುದಕ್ಕಿಂತ ಓಡುವುದು ಮೇಲು, ಸಾಮಾನನ್ನು ಮನೆಯಲ್ಲೇ ಜೋಪಾನವಾಗಿ ಇಟ್ಟುಕೊಳ್ಳಬಹುದು, ಕಾಲ ಬದಲಾಗಿದೆ ಎಂದೆಲ್ಲ ಹೇಳಿದೆ. ಅಕ್ಕ ನಾನು ಮುಗಿಸುವವರೆಗೂ ಮರ್ಯಾದೆಯಿಂದ ಕೇಳಿ, "ಚಾ ಕುಡೀರಿ ಡಾಕ್ಟ್ರೆ" ಎಂದರು.

ತರುಣ ಅದನ್ನು ಒಪ್ಪಿಗೆ ಎಂದು ತಿಳಿದುಕೊಂಡಿರಬೇಕು. ಜೀಪಿಗೆ ಹತ್ತಿ ಆ ಗಂಟನ್ನು ಹಿಡಿದ. ಉಗುರಿನಲ್ಲಿ ಕೆದಕಿದ, ಎಳೆದ, ಹಲ್ಲು ಕಚ್ಚಿದ. ಬೆವರು ಬಂತು, ಗಂಟು ಜಗ್ಗಲಿಲ್ಲ. ಕಿಸೆಯಿಂದ ಮಡಚುವ ಚಾಕು ತೆಗೆದ. ಅದರ ಬಾಯಿ ತೆರೆದ ಸದ್ದಿಗೆ ಅಕ್ಕ ಎದ್ದು ನಿಂತರು.

"ತಮಾ, ಚಾಕು ಒಳ್ಗೆ ಹಾಕು."

"ಅಲ್ಲ ಅಕ್ಕಾ, ಬಿಚ್ಚೂಕೆ ಬರೂದಿಲ್ಲ..."

"ದೋಣಿ ಮುಳುಗ್ತಾ ಇದ್ದಾಗ ಮಾತ್ರ ಹಗ್ಗ ಕೊಯ್ಯೂದು. ನಮ್ದು ಮುಳುಗ್ಲಿಲ್ಲ. ಇಳಿ ಕೆಳ್ಗೆ."

ಅವನು ಇಳಿದ. ಕತ್ತರಿ ತಂದು ಕೊಯ್ದಿದ್ದ ಇಲಾಖೆಯ ಏಕೈಕ ಪ್ರತಿನಿಧಿಯಾಗಿ ನಾನೂ ಕುರ್ಚಿಯಿಂದ ಸ್ವಲ್ಪ ಎದ್ದೆ. ಅಕ್ಕ ಸೀರೆ ಎತ್ತಿಕಟ್ಟಿ ಜೀಪಿಗೆ ಹತ್ತಿದರು. ಕನ್ನಡಿಗೆ ಇನ್ನೂ ನೇತಾಡುತ್ತಿದ್ದ ಉಬ್ಬಿದ ಬೆಲ್ಟನ್ನು ಒಂದು ಕೈಯಲ್ಲಿ ಬದಿಗೆ ಸರಿಸಿ, ಇನ್ನೊಂದು ಕೈಯನ್ನು ಗಂಟಿನ ಕೆಳಗೆ ಹಾಕಿ ಒಮ್ಮೆ ಎಳೆದರು. ಹೆಚ್ಚೇನೂ ಬಲ ಹಾಕಲಿಲ್ಲ. ಇಡೀ ಜೀಪಿನ ಹಗ್ಗ ಉಸಿರು ಬಿಟ್ಟ ಹಾಗೆ ಸಡಿಲಾಗಿ ಬಿದ್ದಿತು. ತರುಣನ ಮುಖ ಅರಳಿತು. ಪೆಟ್ಟಿಗೆ ಹಿಡಿಯಲು ಕೈ ಚಾಚಿದ.

ಅಕ್ಕ ಒಂದೊಂದೇ ಹಗ್ಗವನ್ನು ಅದರ ಜಾಗಕ್ಕೆ ಎಳೆದು, ಜಾಕಿನ ಗೋಣಿಯನ್ನು ಸರಿಮಾಡಿ, ಎಲ್ಲವನ್ನೂ ಮತ್ತೆ ಬಿಗಿದು ಅದೇ ಗಂಟು ಹಾಕಿದರು.

"ಬಿಚ್ಚೂಕೆ ಬರ್ತದೆ ಅಂತ ತೋರ್ಸಿದ್ದು. ಇಳ್ಸೂಕೆ ಅಲ್ಲ."

ತರುಣ ಜೀಪನ್ನು ಒಮ್ಮೆ ಸುತ್ತಿ ಬಂದ. ತನ್ನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಮುಚ್ಚಿದ. ಹುಡುಗನಲ್ಲಿ ಸತ್ವವಿತ್ತು ಎಂದು ಒಪ್ಪಬೇಕು.

"ಆಯ್ತು ಅಕ್ಕಾ. ಎಲ್ಲಾ ಸಮೇತ ತಕಂಡು ಹೋಗ್ತೆ. ಒಂದು ಬೋಲ್ಟೂ ಇಳ್ಸೂದಿಲ್ಲ."

ಅಕ್ಕ ಸೋಲುವುದನ್ನು ನಿರೀಕ್ಷಿಸಿರಲಿಲ್ಲ, ಗೆಲ್ಲುವುದನ್ನೂ ನಿರೀಕ್ಷಿಸಿರಲಿಲ್ಲ ಎಂದು ನನಗೆ ತೋರಿತು. ಕೀಲಿ ಅವರ ಸೊಂಟದಲ್ಲಿತ್ತು. ಅದರ ಮೇಲೆ ಕೈಯಿಟ್ಟರು.

"ಗಂಟು ಬರ್ಬೇಕು" ಎಂದರು.

"ಹಾಂ?"

"ಗಂಟು ಹಾಕೂಕೆ ಬಾರದವ್ನ ಕೈಲಿ ಕೊಟ್ರೆ ನೀ ನಾಳೆ ಚಾಕು ಹಾಕ್ತೆ. ಮೊದ್ಲು ಕಲಿ. ಮತ್ತೆ ಕೀಲಿ."

ಅಂದಿನಿಂದ ಆತ ಪ್ರತಿ ರವಿವಾರ ಕಾರವಾರದಿಂದ ಬರುತ್ತಾನೆ. ಮೇಲ್ವಿಚಾರಣೆಗೆ ಎಂದು ನಾನೂ ಹೋಗುತ್ತೇನೆ. ಅಧ್ಯಕ್ಷಸ್ಥಾನವನ್ನು ಯಾರೂ ಹಿಂದಕ್ಕೆ ಕೇಳಿಲ್ಲ, ಮೇಲಾಗಿ ಅಲ್ಲಿ ಮೀನಿನ ಊಟ ಚೆನ್ನಾಗಿರುತ್ತದೆ. ಬ್ಯಾಂಕಿನ ನೌಕರ ಜೀಪಿನ ಅಂಚಿಗೆ ಕುಳಿತು, ನಾಲಗೆ ಕಚ್ಚಿ ಗಂಟು ಹಾಕುತ್ತಾನೆ. ಅಕ್ಕ ಬಂದು ಒಂದು ಬೆರಳಿನಲ್ಲಿ ಎಳೆದು ಬಿಚ್ಚಿ, "ಮತ್ತೆ ಹಾಕು" ಎನ್ನುತ್ತಾರೆ. ಜೀಪಿನಡಿ ಬೆಕ್ಕುಗಳು ತೂಕಡಿಸುತ್ತವೆ. ಇಂಜಿನನ್ನು ಆತ ಈಗಾಗಲೇ ಸರಿಮಾಡಿದ್ದಾನೆ, ತುಕ್ಕು ಉಜ್ಜಿದ್ದಾನೆ, ಬ್ಯಾಟರಿ ಹೊಸದು ಹಾಕಿದ್ದಾನೆ. ಒಮ್ಮೆ ಹಾರ್ನೂ ಬಾರಿಸಿ ನೋಡಿದ. ಗಂಟು ಮಾತ್ರ ಬಂದಿಲ್ಲ. ಕೀಲಿ ಸೊಂಟದಲ್ಲೇ ಇದೆ.

ಮೊನ್ನೆ ರವಿವಾರ ನಾನು ಊಟವಾದ ಮೇಲೆ ಸ್ವಲ್ಪ ಗಮನವಿಟ್ಟು ನೋಡಿದೆ. ಅಕ್ಕ ಅವನಿಗೆ ಆ ದಿನ ಹೇಳಿಕೊಟ್ಟ ಗಂಟು ಅದರ ಹಿಂದಿನ ವಾರ ಹೇಳಿಕೊಟ್ಟದ್ದಲ್ಲ. ಅದರ ಹಿಂದಿನ ವಾರದ್ದು ಇನ್ನೂ ಬೇರೆ. ನಾನು ತಲೆ ಎತ್ತಿದಾಗ ಅವರು ನನ್ನನ್ನೇ ನೋಡುತ್ತಿದ್ದರು.

"ಎಂತಾ ಡಾಕ್ಟ್ರೆ? ಇನ್ನೊಂಚೂರು ಮೀನು ಹಾಕ್ಲಾ?"

ಹಾಕಿ ಎಂದೆ.